ದಂಡಿನಿಂದ ಕೃಷ್ಣರಾಜಪುರದವರೆಗೆ

ಬೆಂಗಳೂರಿನಿಂದ ಪೂರ್ವಾಭಿಮುಖವಾಗಿ ಹೊರಡುವ ಹಳೆಯ ಮದರಾಸು ರಸ್ತೆಯು ಮೈಸೂರು ದೇಶಕ್ಕೆ ಬಹುಕಾಲ ಹೆಬ್ಬಾಗಿಲಾಗಿದ್ದುದು. 1791ರಲ್ಲಿ ಕಾರ್ನ್‌ವಾಲಿಸನ ಸೇನೆ ಈ ದಿಕ್ಕಿನಿಂದಲೇ ಬಂದಿತು. 1864ರಲ್ಲಿ ಜೋಲಾರಪೇಟೆಯಿಂದ ರೈಲೂ ಈ ದಿಕ್ಕಿನಿಂದಲೇ ಬಂದು ದಂಡಿನ ನಿಲ್ದಾಣದಲ್ಲಿ ನಿಂತಿತು. ಬಂದರಿನ ಸರಕು, ಪರದೇಶದ ಯಂತ್ರ, ಪರದೇಶದ ಬಂಡವಾಳ ಎಲ್ಲವೂ ಈ ಬಾಗಿಲಿನಿಂದಲೇ ಒಳಗೆ ಬಂದಿವೆ. ಬಾಗಿಲನ್ನು ಮುಚ್ಚಿಕೊಂಡು ಬದುಕಲು ಯತ್ನಿಸಿದ ಕಾಲದ ಕುರುಹುಗಳೂ ಇದೇ ರಸ್ತೆಯ ಇಕ್ಕೆಲಗಳಲ್ಲಿವೆ. ಈಚೆಗೆ ಎರಡು ದಿನಗಳ ಕಾಲ ನಾವು ಶಿವಾಜಿನಗರದಿಂದ ಹೊರಟು, ಹಲಸೂರು, ಇಂದಿರಾನಗರಗಳ ಮೂಲಕ ಕೃಷ್ಣರಾಜಪುರದವರೆಗೆ ಈ ಕುರುಹುಗಳನ್ನು ನೋಡುತ್ತ ನಡೆದೆವು. ನಡೆಯಲಾಗದೆಡೆ ಬಸ್ಸನ್ನೂ ಮೆಟ್ರೊ ರೈಲನ್ನೂ ಆಶ್ರಯಿಸಿದೆವು.

ಶರಣಧರ್ಮದ ಮಾಸಪತ್ರಿಕೆಯಲ್ಲಿ ಸುಂಕ, ಆಮದು, ರಫ್ತುಗಳ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು ಎಂಬುದನ್ನು ಅಂಥವರಿಗೆ ನೆನಪಿಸಬೇಕಾಗಿದೆ. ಸುಂಕ ವಸೂಲಿಯನ್ನೇ ಕಾಯಕ ಮಾಡಿಕೊಂಡಿದ್ದ ಸುಂಕದ ಬಂಕಣ್ಣನವರಂಥ ವಚನಕಾರರು ನಮ್ಮ ಪರಂಪರೆಯಲ್ಲಿದ್ದಾರೆ. ಲೋಕದವರು ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವೇನು ಎಂದು ಗಾದೆ ಮಾಡಿದರೆ, ಶರಣರು ಆ ಸುಂಕದವನನ್ನೂ ಅನುಭಾವದ ಸಭೆಗೆ ಕರೆದು ಕೂರಿಸಿದರು. ಅಲ್ಲದೆ ನಮ್ಮ ಎಷ್ಟು ಮನೆಗಳಲ್ಲಿ ಇಂದು ತಂದೆ ಸರ್ಕಾರಿ ಕಾರ್ಖಾನೆಯಿಂದ ನಿವೃತ್ತ, ಮಗ ಹೊರದೇಶದ ಕಂಪನಿಯ ನೌಕರ, ಚಿಕ್ಕಪ್ಪ ಅಂಗಡಿಯ ಬಾಗಿಲು ಹಾಕಿದವನು! ಒಂದು ದೇಶವು ತನ್ನ ಬಾಗಿಲನ್ನು ಮುಚ್ಚುವುದೂ ತೆರೆಯುವುದೂ ಕೊನೆಗೆ ಒಂದು ಮನೆಯ ಅಡುಗೆಯ ಒಲೆಯವರೆಗೆ ಬಂದು ಮುಟ್ಟುವ ಸಂಗತಿ.

ದಂಡು ಎಂಬ ಹೆಸರಿನಲ್ಲಿಯೇ ಕಥೆಯ ಅರ್ಧಭಾಗವಿದೆ. 1809ರಲ್ಲಿ ಬ್ರಿಟಿಷ್ ಸೇನೆ ಹಲಸೂರಿನ ಆಸುಪಾಸಿನಲ್ಲಿ ಬೀಡುಬಿಟ್ಟಂದಿನಿಂದ ಬೆಂಗಳೂರು ಎರಡು ಊರಾಯಿತು. ಪಡುವಣಕ್ಕೆ ಕೆಂಪೇಗೌಡರ ಪೇಟೆ, ಮೂಡಣಕ್ಕೆ ದಂಡು, ನಡುವೆ ಕಬ್ಬನ್ ಉದ್ಯಾನ. 1881ರಲ್ಲಿ ಮೈಸೂರು ರಾಜ್ಯವು ಒಡೆಯರ ಮನೆತನಕ್ಕೆ ಮರಳಿದಾಗಲೂ ದಂಡನ್ನು ಬ್ರಿಟಿಷರು ತಮ್ಮ ಕೈಯಲ್ಲಿಯೇ ಇರಿಸಿಕೊಂಡರು. ಪ್ರತ್ಯೇಕ ಪುರಸಭೆ, ಪ್ರತ್ಯೇಕ ಪೊಲೀಸು, ಪ್ರತ್ಯೇಕ ನ್ಯಾಯಾಲಯ. ಅದು ಮೈಸೂರಿಗೆ ಮರಳಿದ್ದು 1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಇಪ್ಪತ್ತು ದಿನ ಮುಂಚೆ. ಎರಡೂ ಪುರಸಭೆಗಳು ಕೂಡಿ ಒಂದು ನಗರಪಾಲಿಕೆಯಾದದ್ದು 1949ರಲ್ಲಿ. ಪೇಟೆಯಲ್ಲಿ ನೇಯ್ದ ಸೀರೆ, ದಂಡಿನಲ್ಲಿ ಹಡಗಿನಿಂದ ಬಂದ ಬನಾತು. ಪೇಟೆಯಲ್ಲಿ ಗಾಣದ ಎಣ್ಣೆ, ದಂಡಿನಲ್ಲಿ ಡಬ್ಬಿಯ ಬೆಣ್ಣೆ. ಒಂದೇ ಊರಿನ ಎರಡು ತುದಿಗಳಲ್ಲಿ ಎರಡು ಬಗೆಯ ಅರ್ಥವ್ಯವಸ್ಥೆಗಳು ಬೆನ್ನಿಗೆ ಬೆನ್ನು ಹಾಕಿ ನಿಂತಿದ್ದವು.

ಶಿವಾಜಿನಗರಕ್ಕೆ ಹಿಂದೆ ಬ್ಲಾಕ್‌ಪಲ್ಲಿ ಎಂದು ಹೆಸರು. ಬಿಳಿ ಅಕ್ಕಿ ಬೆಳೆಯುತ್ತಿದ್ದ ಹಳ್ಳಿ ಅದು ಎಂದು ಹಿರಿಯರು ಹೇಳುವುದುಂಟು. ನಾವು ರಸೆಲ್ ಮಾರುಕಟ್ಟೆಗೆ ಹೋದಾಗ ಬೆಳಗಿನ ಏಳು ಗಂಟೆ. ದಂಡಿನ ಪುರಸಭೆಯ ಕಾಲದಲ್ಲಿ, 1927ರಲ್ಲಿ ಎದ್ದ ಈ ಕಟ್ಟಡದ ಕಮಾನುಗಳ ಕೆಳಗೆ ಹಣ್ಣಿನ ರಾಶಿಗಳು. ಇರಾನಿನ ಸೇಬು, ನ್ಯೂಜಿಲೆಂಡಿನ ಕಿವಿ, ಅವುಗಳ ಪಕ್ಕದಲ್ಲಿ ನಮ್ಮ ದೇವನಹಳ್ಳಿಯ ಚಕ್ಕೋತ. ನಮ್ಮ ಯೌವನದಲ್ಲಿ ಇಂಥ ನೋಟ ಅಸಾಧ್ಯವಾಗಿತ್ತು. ಆಗ ‘ಫಾರಿನ್ ಸಾಮಾನು’ ಎಂಬ ಮಾತನ್ನು ಜನ ಪಿಸುಗುಟ್ಟುತ್ತಿದ್ದರು. ಗಡಿಯಾರ, ಟೇಪ್ ರೆಕಾರ್ಡರು, ನೈಲಾನು ಸೀರೆಗಳು ಕಳ್ಳಮಾರ್ಗದಲ್ಲಿ ಬಂದು ಓಣಿಗಳ ಒಳಗೆ ಮಾರಾಟವಾಗುತ್ತಿದ್ದವು. ಸುಂಕದ ಗೋಡೆ ಎಷ್ಟು ಎತ್ತರವೋ ಅದರ ಕೆಳಗಿನ ಕನ್ನವೂ ಅಷ್ಟೇ ಅಗಲ. ಭಾರತವು ಉಳಿದಿದ್ದ 715 ವಸ್ತುಗಳ ಆಮದು ಪರಿಮಿತಿಯನ್ನು ತೆಗೆದದ್ದು 2001ರ ಏಪ್ರಿಲ್ 1ರಂದು. ಅಮೆರಿಕವು ವಿಶ್ವ ವ್ಯಾಪಾರ ಸಂಘಟನೆಗೆ ದೂರು ಕೊಂಡೊಯ್ದು ಗೆದ್ದ ಮೇಲೆ ಆದ ಕೆಲಸವದು. ಹಣ್ಣಿನ ವ್ಯಾಪಾರಿಯೊಬ್ಬರಿಗೆ ನಾವಿದನ್ನು ಹೇಳಿದಾಗ ಅವರು ನಕ್ಕು, “ಅದೆಲ್ಲ ನನಗೆ ಗೊತ್ತಿಲ್ಲ ಸ್ವಾಮಿ, ಮಳೆಗಾಲದಲ್ಲೂ ಸೇಬು ಸಿಗೋ ಹಾಗಾಯಿತು ಅನ್ನೋದು ಗೊತ್ತು” ಎಂದರು.

ಇಲ್ಲಿ ಓದುಗರು ಒಂದು ಸಂಗತಿಯನ್ನು ಗಮನಿಸಬೇಕು. ನಮ್ಮ ಮೈಸೂರು ಒಂದು ಚಿಕ್ಕ ದೇಶವಾಗಿದ್ದಿತು. 1911ರಲ್ಲಿ ಅದರ ಜನಸಂಖ್ಯೆ ಸುಮಾರು 58 ಲಕ್ಷ. ಕಡಲಿಲ್ಲ, ಬಂದರಿಲ್ಲ. ಬ್ರಿಟಿಷರಿಗೆ ಪ್ರತಿವರ್ಷ 35 ಲಕ್ಷ ರೂಪಾಯಿ ಪೊಗದಿ ಸಲ್ಲಿಸಬೇಕು. ಮೈಸೂರಿನ ಪ್ರಜೆ ಕೊಳ್ಳುವ ಪರದೇಶದ ಸರಕಿನ ಮೇಲಿನ ಸುಂಕವು ಮದರಾಸಿನ ಬಂದರಿನಲ್ಲಿ ವಸೂಲಾಗಿ ಭಾರತ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತಿದ್ದಿತು. ಎಂದರೆ ಮನೆ ನಮ್ಮದು, ಬಾಗಿಲಿನ ಬೀಗದ ಕೈ ಬೇರೆಯವರದು. ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದಾಗ ಕೈಗಾರಿಕೆಯಿಲ್ಲದೆ ಉಳಿಗತಿಯಿಲ್ಲ ಎಂದು ನಿಶ್ಚಯಿಸಿದರು. ಆದರೆ ಸುಂಕ ಏರಿಸಿ ಉದ್ಯಮಗಳನ್ನು ಕಾಯುವ ಅಧಿಕಾರ ಅವರಿಗಿರಲಿಲ್ಲ. ಆದುದರಿಂದ ಸರ್ಕಾರವೇ ಬ್ಯಾಂಕು ತೆರೆಯಲು ನೆರವಾಗಬೇಕು, ಸರ್ಕಾರವೇ ಸಾಬೂನು ಮಾಡಬೇಕು, ಗಂಧದೆಣ್ಣೆ ತೆಗೆಯಬೇಕು, ಕಬ್ಬಿಣ ಕರಗಿಸಬೇಕು. ಗೋಡೆ ಕಟ್ಟಲಾಗದವನು ಮಗುವನ್ನು ಮಡಿಲಲ್ಲೇ ಕಟ್ಟಿಕೊಂಡು ನಡೆದಂತೆ.

ಆ ಮಡಿಲೂ ಎಲ್ಲ ಮಕ್ಕಳಿಗೆ ಸಾಲಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸುವ ವೇಳೆಗೆ ಯುದ್ಧಕಾಲದ ಬೆಲೆಗಳು ಬಿದ್ದುಹೋಗಿದ್ದವು. ಅದಕ್ಕಿಂತ ದೊಡ್ಡ ಪೆಟ್ಟು ರೇಷ್ಮೆಗೆ ಬಿದ್ದಿತು. 1920ರ ದಶಕದ ಕೊನೆಗೆ ಜಪಾನು, ಚೀನಾಗಳ ಅಗ್ಗದ ರೇಷ್ಮೆ ಮದರಾಸಿನ ಬಂದರಿನಿಂದ ಹೊಳೆಯಾಗಿ ಹರಿದು ಬಂದಾಗ ಮೈಸೂರಿನ ಹಿಪ್ಪುನೇರಳೆ ತೋಟಗಳನ್ನು ಕಿತ್ತು ರಾಗಿ ಬಿತ್ತಿದ ಹಳ್ಳಿಗಳಿದ್ದವು. ಮೈಸೂರು ಸರ್ಕಾರ ಮೊರೆಯಿಡಬಹುದಿತ್ತೇ ಹೊರತು ಆಜ್ಞೆ ಮಾಡುವಂತಿರಲಿಲ್ಲ. ಸುಂಕ ಮಂಡಳಿಯ ವಿಚಾರಣೆಯಾಗಿ ರಕ್ಷಣಾ ಸುಂಕ ಬರುವಷ್ಟರಲ್ಲಿ 1934 ಆಗಿದ್ದಿತು. ಬಾಗಿಲು ತೆರೆದಿರಬೇಕೆ, ಮುಚ್ಚಿರಬೇಕೆ ಎಂದು ವಾದಿಸುವ ಪಂಡಿತರು ಬೀಗದ ಕೈ ಯಾರಲ್ಲಿದೆ ಎಂಬ ಪ್ರಶ್ನೆಯನ್ನು ಮರೆಯುತ್ತಾರೆ. ಮೈಸೂರಿನ ರೇಷ್ಮೆ ಬೆಳೆಗಾರನು ಅದನ್ನು ಮರೆಯುವಂತಿರಲಿಲ್ಲ.

ಹಲಸೂರಿನ ಸೋಮೇಶ್ವರನ ಸನ್ನಿಧಿಗೆ ನಾವು ಮುಟ್ಟಿದಾಗ ಬೆಳಗಿನ ಪೂಜೆ ಮುಗಿದಿದ್ದಿತು. ದಂಡಿಗಿಂತ ಎಷ್ಟೋ ಹಳೆಯದು ಈ ಗುಡಿ. ಚೋಳರ ಕಾಲದ ಮೂಲ, ವಿಜಯನಗರದ ಶೈಲಿಯ ರಾಜಗೋಪುರ. ಗೋಪುರದ ನೆರಳಿನಲ್ಲಿ ಕುಳಿತಾಗ ನಮಗೆ ಅಯ್ಯಾವೊಳೆಯ ಐನೂರ್ವರು ನೆನಪಾದರು. ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿ ಹುಟ್ಟಿದ ಆ ವರ್ತಕರ ಕೂಟವು ಕಡಲಾಚೆಯ ಸುಮಾತ್ರಾದವರೆಗೆ ಹೋಗಿದ್ದಿತು; ಅಲ್ಲಿ 1088ರ ಒಂದು ತಮಿಳು ಶಾಸನ ಅವರ ಹೆಸರನ್ನು ಹೇಳುತ್ತದೆ. ತಮ್ಮ ಸರಕಿನ ಮೇಲೆ ತಾವೇ ಇಂತಿಷ್ಟು ಆಯವನ್ನು ವಿಧಿಸಿಕೊಂಡು ದೇವಾಲಯಕ್ಕೆ ಬಿಟ್ಟ ಶಾಸನಗಳು ನಮ್ಮ ನಾಡಿನಲ್ಲಿ ಹಲವಿವೆ. ಕನ್ನಡಿಗರು ಮೊನ್ನೆ ಮೊನ್ನೆ ಲೋಕವ್ಯಾಪಾರಕ್ಕೆ ಕಣ್ತೆರೆದವರೆಂಬ ಮಾತನ್ನು ಆದುದರಿಂದ ನಾವು ಒಪ್ಪುವುದಿಲ್ಲ.

ದಂಡಿನ ವರ್ತಕರೂ ಗಳಿಸಿದ್ದನ್ನೆಲ್ಲ ಪೆಟ್ಟಿಗೆಯಲ್ಲಿ ಇಟ್ಟವರಲ್ಲ. ಸೇನೆಗೆ ಸರಕು ಒದಗಿಸಿ, ಅಠಾರ ಕಚೇರಿಯಂಥ ಕಟ್ಟಡಗಳ ಗುತ್ತಿಗೆ ಮಾಡಿದ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು 1873ರಲ್ಲಿ ಬಡಮಕ್ಕಳಿಗಾಗಿ ತೆರೆದ ಶಾಲೆಯಿಂದ ಬೆಳೆದ ವಿದ್ಯಾಸಂಸ್ಥೆಗಳು ಇಂದಿಗೂ ನಡೆಯುತ್ತಿವೆ. ನಮ್ಮವರು ದಾಸೋಹ ಎನ್ನುವುದನ್ನು ಅವರು ಧರ್ಮ ಎಂದರು, ಅಷ್ಟೇ ವ್ಯತ್ಯಾಸ. ಆದರೆ ಸೇನೆಯನ್ನು ನಂಬಿ ಬೆಳೆದ ಊರಿಗೆ ಸೇನೆ ಹೋದ ದಿನ ಏನು ಗತಿ? 1947ರಲ್ಲಿ ಹಲಸೂರಿನ ದರ್ಜಿಗಳೂ ಬಾಣಸಿಗರೂ ಕುದುರೆ ಲಾಯದವರೂ ಇದೇ ಪ್ರಶ್ನೆಯನ್ನು ಕೇಳಿಕೊಂಡಿರಬೇಕು.

ಈ ಪ್ರಶ್ನೆಯನ್ನು ಇಡೀ ಒಂದು ದೇಶವೇ ಎದುರಿಸಿದ ಉದಾಹರಣೆಯಿದೆ. ಅದು ಸಿಂಗಪುರ. ಅದನ್ನಿಲ್ಲಿ ಹೇಳಲು ಕಾರಣವೂ ಉಂಟು. ನಮ್ಮ ದಾರಿಯ ಕೊನೆಯಲ್ಲಿ ಸಿಂಗಪುರದ ಹಣವೇ ಕಾದಿದೆ. ಸಿಂಗಪುರವು ಇಂದಿಗೂ ನಮ್ಮ ಬೆಂಗಳೂರು ನಗರ ಜಿಲ್ಲೆಯ ಮೂರನೆಯ ಒಂದು ಭಾಗದಷ್ಟು ವಿಸ್ತಾರದ ದ್ವೀಪ. 1965ರಲ್ಲಿ ಅಲ್ಲಿ ಸುಮಾರು 19 ಲಕ್ಷ ಜನ. ಅದು ಹಳೆಯ ಕಾಲದಿಂದ ಮುಕ್ತ ಬಂದರು. ಆದರೆ 1960ರ ದಶಕದ ಮೊದಲ ವರ್ಷಗಳಲ್ಲಿ ಅದೂ ಆಮದಿಗೆ ಸುಂಕ ಹಾಕಿ, ಪರಿಮಿತಿ ಗೊತ್ತುಮಾಡಿ, ತನ್ನ ಕೈಗಾರಿಕೆಗಳನ್ನು ಬೆಳೆಸಲು ಹೊರಟಿತ್ತು. ಮಲೇಷಿಯದ ದೊಡ್ಡ ಮಾರುಕಟ್ಟೆ ತನಗೆ ದೊರೆಯುವುದೆಂಬುದು ಅದರ ಲೆಕ್ಕ. 1965ರ ಆಗಸ್ಟ್ 9ರಂದು ಮಲೇಷಿಯದಿಂದ ಬೇರ್ಪಟ್ಟಾಗ ಆ ಲೆಕ್ಕ ಅಳಿಸಿಹೋಯಿತು. 1968ರಲ್ಲಿ ಬ್ರಿಟಿಷರು ತಮ್ಮ ಸೇನಾನೆಲೆಗಳನ್ನೂ ತೆರವು ಮಾಡುವುದಾಗಿ ಸಾರಿದರು. ಆ ದೇಶದ ಉತ್ಪನ್ನದ ಐದನೆಯ ಒಂದು ಭಾಗದಷ್ಟು ಆ ನೆಲೆಗಳನ್ನೇ ನೆಚ್ಚಿದ್ದಿತು. ನಮ್ಮ ದಂಡಿನ ಕಥೆಯೇ, ಆದರೆ ಹಿಂದೆ ಒರಗಲು ಮೈಸೂರೂ ಇಲ್ಲ, ಭಾರತವೂ ಇಲ್ಲ.

ಹತ್ತೊಂಬತ್ತು ಲಕ್ಷ ಜನ ಕೊಳ್ಳುವ ಸಾಬೂನಿಗಾಗಿ ಕಾರ್ಖಾನೆ ನಡೆಸಿದರೆ ಅದು ಕಾರ್ಖಾನೆಯಲ್ಲ, ಮನೆಯ ಕೈಗೆಲಸ. ಸಿಂಗಪುರದ ನಾಯಕರು ಗೋಡೆಯನ್ನು ಕೆಡವಿ, ಹೊರಗಿನ ಕಂಪನಿಗಳನ್ನು ಕರೆದು, ಲೋಕಕ್ಕೆಲ್ಲ ಮಾರುವ ಸರಕನ್ನು ತಯಾರಿಸಲು ತೊಡಗಿದರು. ಬ್ರಿಟಿಷ್ ನೌಕಾಪಡೆಯ ಹಡಗುಕಟ್ಟೆ ವ್ಯಾಪಾರಿ ಹಡಗುಗಳ ದುರಸ್ತಿಯ ಕಟ್ಟೆಯಾಯಿತು. ಈ ಕಥೆಯನ್ನು ನಮ್ಮ ಪತ್ರಿಕೆಗಳು ಇಲ್ಲಿಗೇ ನಿಲ್ಲಿಸಿ ಚಪ್ಪಾಳೆ ತಟ್ಟುತ್ತವೆ. ಗೋಡೆ ಕೆಡವುವ ಮುಂಚೆಯೇ, 1960ರಲ್ಲಿ, ಅಲ್ಲಿ ವಸತಿ ಮಂಡಳಿ ಸ್ಥಾಪನೆಯಾಗಿ ಐದು ವರ್ಷಗಳಲ್ಲಿ 50 ಸಾವಿರಕ್ಕೂ ಹೆಚ್ಚು ಮನೆಗಳು ಎದ್ದಿದ್ದವು. 1955ರಿಂದಲೇ ಕಾರ್ಮಿಕರ ಭವಿಷ್ಯನಿಧಿ ಇದ್ದಿತು. ಕೆಲಸ ಬದಲಾದಾಗ ಹೊಸ ವಿದ್ಯೆ ಕಲಿಸಲು 1979ರಲ್ಲಿ ಪ್ರತ್ಯೇಕ ನಿಧಿ ಸ್ಥಾಪಿಸಿದರು. ಬಿರುಗಾಳಿಗೆ ಬಾಗಿಲು ತೆರೆಯುವವನು ಮೊದಲು ದೀಪಕ್ಕೆ ಗಾಜು ಹಾಕಿದ. ಕಾರ್ಮಿಕ ಸಂಘಗಳ ಬಾಯಿಗೆ ಅಲ್ಲಿ ಬಿಗಿದ ಕಡಿವಾಣ ನಮ್ಮ ಮನಸ್ಸಿಗೆ ಒಪ್ಪುವಂಥದಲ್ಲ, ಅದನ್ನೂ ಹೇಳಿಯೇಬಿಡುತ್ತೇವೆ. ನುಡಿಯುವ ಸ್ವಾತಂತ್ರ್ಯವನ್ನು ಅನ್ನದ ಜೊತೆ ತಕ್ಕಡಿಯಲ್ಲಿಟ್ಟು ತೂಗುವುದನ್ನು ಶರಣರ ಸಂತಾನ ಒಪ್ಪಬಾರದು.

ಹಲಸೂರಿನಿಂದ ಇಂದಿರಾನಗರಕ್ಕೆ ಮೆಟ್ರೊದಲ್ಲಿ ಒಂದೇ ನಿಲ್ದಾಣದ ದೂರ. ಈ ಬಡಾವಣೆಯ ಹಲವು ಭಾಗಗಳಿಗೆ ಎಚ್‌ಎಎಲ್ ಎರಡನೆಯ ಹಂತ, ಮೂರನೆಯ ಹಂತ ಎಂದೇ ಹೆಸರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ವಿಮಾನ ಕಾರ್ಖಾನೆಯದು. ಸ್ವಾತಂತ್ರ್ಯಾನಂತರ ಭಾರತವೆಲ್ಲವೂ ಒಂದು ದೊಡ್ಡ ಸುಂಕದ ಗೋಡೆಯೊಳಗೆ ಬಂದಾಗ, ಆ ಗೋಡೆಯ ಅತ್ಯಂತ ತಂಪಾದ ನೆರಳು ಬಿದ್ದದ್ದು ಬೆಂಗಳೂರಿನ ಮೇಲೆ. 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್, 1964ರಲ್ಲಿ ಬಿಇಎಂಎಲ್. ತುಮಕೂರು, ಕೋಲಾರ, ಮಂಡ್ಯಗಳ ಹಳ್ಳಿಗಳಿಂದ ಬಂದ ಹುಡುಗರು ನೀಲಿ ಅಂಗಿ ತೊಟ್ಟು ಸೈಕಲ್ಲೇರಿ ಕಾರ್ಖಾನೆಗೆ ಹೋದರು. ಅವರ ಉಳಿತಾಯದ ನಿವೇಶನಗಳು, ಸೇನೆಯ ನಿವೃತ್ತ ಅಧಿಕಾರಿಗಳ ತೋಟವುಳ್ಳ ಮನೆಗಳು ಸೇರಿ ಇಂದಿರಾನಗರವಾಯಿತು. ಇಂದು ನೂರಡಿ ರಸ್ತೆಯಲ್ಲಿ ಆ ಮನೆಗಳ ಅಂಗಳಗಳು ಪರದೇಶದ ಬಟ್ಟೆ, ಪಾದರಕ್ಷೆ, ಕಾಫಿಗಳ ಅಂಗಡಿಗಳಾಗಿವೆ. ಒಂದು ಕಾಫಿಯ ಬೆಲೆಯನ್ನು ನೋಡಿ ನಾವು ಒಳಗೆ ಕಾಲಿಡದೆ ಮುಂದೆ ಸಾಗಿದೆವು. ಆ ಬೀಜ ಚಿಕ್ಕಮಗಳೂರಿನದೇ ಇದ್ದೀತು!

ನೆರಳು ಸರಿದದ್ದು 1991ರಲ್ಲಿ. ಆ ಬೇಸಿಗೆಯಲ್ಲಿ ದೇಶದ ಬಳಿ ಉಳಿದಿದ್ದ ವಿದೇಶೀ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಿತ್ತು. ರಿಸರ್ವ್ ಬ್ಯಾಂಕು ಜುಲೈ ತಿಂಗಳಲ್ಲಿ ಸುಮಾರು 47 ಟನ್ ಚಿನ್ನವನ್ನು ಹೊರದೇಶಕ್ಕೆ ಕಳುಹಿಸಿ ಅಡವಿಟ್ಟಿತು. ಮನೆಯ ತಾಳಿಯನ್ನು ಅಡವಿಟ್ಟಂತೆ ದೇಶದ ಜನ ಆ ಸುದ್ದಿಯನ್ನು ಕೇಳಿದರು. ರೂಪಾಯಿಯ ಬೆಲೆ ಇಳಿಯಿತು. ಜುಲೈ 24ರಂದು ಪಿ. ವಿ. ನರಸಿಂಹರಾಯರ ಸರ್ಕಾರದ ಹಣಕಾಸು ಮಂತ್ರಿ ಮನಮೋಹನ ಸಿಂಗರು ಆಯವ್ಯಯವನ್ನು ಮಂಡಿಸಿದರು. ಅದೇ ದಿನ ಹೊಸ ಕೈಗಾರಿಕಾ ನೀತಿ ಬಂದಿತು. ಅತ್ಯುನ್ನತ ಆಮದು ಸುಂಕ ಆ ವರ್ಷ ಶೇ. 150ಕ್ಕೆ ಇಳಿಯಿತು, 1995ರ ವೇಳೆಗೆ ಶೇ. 50ಕ್ಕೆ. ನಾಲ್ಕೇ ವರ್ಷ. ಸಿಂಗಪುರವು ಮನೆ ಕಟ್ಟಿ, ನಿಧಿ ಕೂಡಿಸಿ ತೆರೆದ ಬಾಗಿಲನ್ನು ನಾವು ಸಾಲಗಾರ ಹೊಸ್ತಿಲಲ್ಲಿ ನಿಂತಾಗ ತೆರೆದೆವು. ತೆರೆದದ್ದು ತಪ್ಪೆಂದು ನಾವು ಹೇಳುವುದಿಲ್ಲ. ತೆರೆಯುವ ಮುಂಚಿನ ನಲವತ್ತು ವರ್ಷಗಳಲ್ಲಿ ಒಳಗಿದ್ದವರನ್ನು ಅದಕ್ಕೆ ಸಿದ್ಧಗೊಳಿಸಲಿಲ್ಲವಲ್ಲ ಎಂಬುದು ನಮ್ಮ ಕೊರಗು.

ಬೈಯಪ್ಪನಹಳ್ಳಿ ದಾಟುವಾಗ ಎನ್‌ಜಿಇಎಫ್ ಕಾರ್ಖಾನೆಯ ಆವರಣ ಕಾಣುತ್ತದೆ. ಜರ್ಮನಿಯ ಎಇಜಿ ಕಂಪನಿಯ ಸಹಯೋಗದಲ್ಲಿ ಬೆಳೆದು, ಟ್ರಾನ್ಸ್‌ಫಾರ್ಮರುಗಳನ್ನೂ ಮೋಟಾರುಗಳನ್ನೂ ಮಾಡುತ್ತಿದ್ದ ರಾಜ್ಯ ಸರ್ಕಾರದ ಕಾರ್ಖಾನೆ ಅದು. ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು. ಮರಗಳು ಎತ್ತರಕ್ಕೆ ಬೆಳೆದಿವೆ. ಅದರ ವಿಷಯವನ್ನು ಬಲ್ಲವರು ಬರೆಯಲಿ.

ದೂರವಾಣಿನಗರದಲ್ಲಿ ನಾವು ಒಂದು ರಾತ್ರಿ ತಂಗಿದೆವು. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ಯಮವೆಂದು ಹೆಸರಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಇಲ್ಲಿ ತಲೆಯೆತ್ತಿದ್ದು 1948ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಒಂದು ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡು. ಕಾರ್ಖಾನೆಯ ಜೊತೆಗೆ ಒಂದು ಊರೇ ಎದ್ದಿತು; ಶಾಲೆ, ಆಸ್ಪತ್ರೆ, ಆಟದ ಬಯಲು, ಸಾಲುಮರ. ದೇಶದ ಮನೆಮನೆಯ ಕಪ್ಪು ದೂರವಾಣಿ ಇಲ್ಲಿಯದು. ಆದರೆ ಅದನ್ನು ಪಡೆಯಲು ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯಬೇಕಿತ್ತು. 1991ರಲ್ಲಿ ಸುಮಾರು 85 ಕೋಟಿ ಜನರ ದೇಶದಲ್ಲಿ ಇದ್ದ ಸಂಪರ್ಕಗಳು ಸುಮಾರು 50 ಲಕ್ಷ. ಕೊಳ್ಳುವವನು ಸಾಲಿನಲ್ಲಿ ಕಾಯುತ್ತಿರುವಾಗ ಮಾರುವವನಿಗೆ ಅವಸರವೇಕೆ? ಗೋಡೆಯ ದೋಷವಿದು. ಅದೇ ಗೋಡೆಯೊಳಗೆ ಸಾವಿರಾರು ಜನ ಹಳ್ಳಿಯ ಮಕ್ಕಳು ಕೂದಲೆಳೆಯ ಅಳತೆಯ ಕೆಲಸ ಕಲಿತರು. ಗೋಡೆಯ ಗುಣವದು. 1980ರ ಡಿಸೆಂಬರಿನಿಂದ 77 ದಿನ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಕಾರ್ಮಿಕರು ಮುಷ್ಕರ ಹೂಡಿದಾಗ ಈ ಊರೂ ಸ್ತಬ್ಧವಾಗಿತ್ತು.

ನಮ್ಮನ್ನು ಪ್ರಸಾದಕ್ಕೆ ಕರೆದ ಭಕ್ತರು ಕಾರ್ಖಾನೆಯ ನೌಕರರಲ್ಲ. ಮಹದೇವಪುರದ ಕಡೆ ಹನ್ನೊಂದು ಜನ ಕೆಲಸಗಾರರನ್ನಿಟ್ಟುಕೊಂಡು, ದೊಡ್ಡ ಕಾರ್ಖಾನೆಗಳಿಗೆ ಬೇಕಾದ ಹಿತ್ತಾಳೆಯ ತಿರುಪು, ಮೊಳೆ, ಸಣ್ಣ ಬಿಡಿಭಾಗಗಳನ್ನು ಲೇತ್ ಯಂತ್ರದಲ್ಲಿ ಕಡೆದು ಕೊಡುತ್ತಿದ್ದವರು. ಎಂಬತ್ತರ ಹತ್ತಿರದ ವಯಸ್ಸು. ಇಷ್ಟಲಿಂಗಪೂಜೆ ಮುಗಿಸಿ ನಮ್ಮ ಎದುರು ಕುಳಿತು ಅವರು ಹೇಳಿದ್ದು ಹೀಗಿದೆ.

“ಗುರುಗಳೇ, ನಮ್ಮ ಮೇಲೆ ಒಂದು ಹೊಳೆ ಬರಲಿಲ್ಲ, ಎರಡು ಬಂದವು. ಹಳೆಯ ಎಕ್ಸ್‌ಚೇಂಜಿನಲ್ಲಿ ಎಲ್ಲವೂ ಚಲಿಸುವ ಭಾಗಗಳು. ಅದಕ್ಕೆ ನಮ್ಮಂಥ ನೂರು ಲೇತಿನ ಕೆಲಸ ಬೇಕು. ಎಲೆಕ್ಟ್ರಾನಿಕ್ ಎಕ್ಸ್‌ಚೇಂಜು ಬಂದ ಮೇಲೆ ಒಂದು ಹಲಗೆ, ಅದರ ಮೇಲೆ ಅಂಟಿಸಿದ ಚಿಪ್ಪುಗಳು. ತಿರುಪು ಎಲ್ಲಿ ಬೇಕು? ಅದು ಮೊದಲನೆಯ ಹೊಳೆ. ಅದನ್ನು ಈಜಿ ದಾಟೋಣವೆಂದು ಕಾಲು ಹಾಕುವಾಗ ಹೊರಗಿನ ಸರಕು ಬಂತು. ನಾನು ಹಿತ್ತಾಳೆ ಕೊಳ್ಳುವ ಬೆಲೆಗೆ ಅವರ ತಯಾರಾದ ಮಾಲು!”

ಅವರ ಮಾತು ಇತಿಹಾಸಕ್ಕೆ ಸರಿಹೊಂದುತ್ತದೆ. 1984ರಲ್ಲಿ ಸ್ಯಾಮ್ ಪಿತ್ರೋಡಾರ ಮಾರ್ಗದರ್ಶನದಲ್ಲಿ ಸಿ-ಡಾಟ್ ಹುಟ್ಟಿ ದೇಶೀಯ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜಿಗೆ ದಾರಿಯಾಯಿತು; ದೂರವಾಣಿ ಉಪಕರಣಗಳ ತಯಾರಿಕೆ ಖಾಸಗಿಯವರಿಗೆ ತೆರೆಯಿತು. 1994ರ ರಾಷ್ಟ್ರೀಯ ದೂರಸಂಪರ್ಕ ನೀತಿಯಿಂದ ಸೇವೆಯೂ ತೆರೆಯಿತು. ಹತ್ತು ವರ್ಷಗಳೊಳಗೆ ವಿದ್ಯೆಯೂ ಬದಲಾಯಿತು, ಮಾರುಕಟ್ಟೆಯೂ ಬದಲಾಯಿತು. ದೊಡ್ಡ ಕಾರ್ಖಾನೆ ರೋಗಗ್ರಸ್ತ ಉದ್ಯಮಗಳ ಸಾಲಿಗೆ ಸೇರಿದರೂ ಕೇಂದ್ರ ಸರ್ಕಾರದ ಆಸರೆಯಿಂದ ಉಸಿರು ಹಿಡಿದು ನಿಂತಿದೆ. ಅದರ ಸುತ್ತ ಬಳ್ಳಿಯಂತೆ ಹಬ್ಬಿದ್ದ ಸಣ್ಣ ಘಟಕಗಳಿಗೆ ಆಸರೆ ಕೊಡುವವರಿರಲಿಲ್ಲ.

“ಹನ್ನೊಂದು ಜನರನ್ನು ಏನು ಮಾಡಿದಿರಿ?” ಎಂದು ನಾವು ಕೇಳಿದೆವು. ಅವರು ಉತ್ತರಿಸುವ ಮೊದಲೇ ಬಡಿಸುತ್ತಿದ್ದ ತಾಯಿಯವರು ಸೌಟನ್ನು ಹಿಡಿದೇ ನಿಂತರು. “ಎರಡು ವರ್ಷ ಕೆಲಸವಿಲ್ಲದೆ ಸಂಬಳ ಕೊಟ್ಟರು ಗುರುಗಳೇ. ನನ್ನ ಬಳೆ, ಸರ ಎಲ್ಲ ಹೋಯಿತು. ಹನ್ನೊಂದು ಮನೆಯ ಲೆಕ್ಕ ಇವರು ಹೇಳುತ್ತಾರೆ, ಈ ಮನೆಯ ಲೆಕ್ಕ ಹೇಳುವುದಿಲ್ಲ” ಎಂದರು. ಯಜಮಾನರು ತಲೆ ತಗ್ಗಿಸಿ ನಕ್ಕರು. ಕೊನೆಗೆ ಅವರು ಯಂತ್ರಗಳನ್ನು ಗುಜರಿಗೆ ಹಾಕದೆ, ಮೂವರು ಹಿರಿಯ ಕೆಲಸಗಾರರಿಗೆ ಒಂದೊಂದು ಲೇತನ್ನು ಕಂತಿನ ಮೇಲೆ ಕೊಟ್ಟರಂತೆ. ಇಬ್ಬರು ನಿಭಾಯಿಸಿದರು, ಒಬ್ಬರಿಂದ ಆಗಲಿಲ್ಲ. ಉಳಿದ ಎಂಟು ಜನರಲ್ಲಿ ಕೆಲವರು ಆಟೊ ಓಡಿಸಿದರು, ಕೆಲವರು ಮುಂದೆ ಎದ್ದ ಕಂಪನಿಗಳ ಬಾಗಿಲಿನಲ್ಲಿ ಕಾವಲುಗಾರರಾದರು. ಕೂದಲೆಳೆಯನ್ನು ಅಳೆಯಬಲ್ಲ ಕೈ ಬಂದವರ ಹೆಸರು ಬರೆದುಕೊಳ್ಳುವ ಪುಸ್ತಕವನ್ನು ಹಿಡಿಯಿತು. ಈ ನಷ್ಟವು ಯಾವ ಆಯವ್ಯಯ ಪತ್ರದಲ್ಲಿಯೂ ಬರುವುದಿಲ್ಲ.

ಅವರ ಮಗ ಪಟ್ಟಂದೂರು ಅಗ್ರಹಾರದ ತಂತ್ರಜ್ಞಾನ ಪಾರ್ಕಿನಲ್ಲಿ ಕೆಲಸದಲ್ಲಿದ್ದಾರೆ. ಮನೆ ಕಟ್ಟಿಸಿದ್ದು, ತಾಯಿಗೆ ಮತ್ತೆ ಬಳೆ ಮಾಡಿಸಿದ್ದು ಆ ಸಂಬಳವೇ. ತಂದೆಯ ಕಾಯಕವನ್ನು ಕಿತ್ತುಕೊಂಡ ಬಾಗಿಲಿನಿಂದಲೇ ಮಗನ ಕಾಯಕ ಒಳಗೆ ಬಂದಿತು. ತೆರೆದ ಅರ್ಥವ್ಯವಸ್ಥೆಯನ್ನು ಹೊಗಳುವವರೂ ತೆಗಳುವವರೂ ಈ ಒಂದೇ ಸೂರಿನ ಕೆಳಗಿನ ಎರಡು ಸತ್ಯಗಳಲ್ಲಿ ಒಂದನ್ನು ಮಾತ್ರ ನೋಡಿದವರು.

ಮರುದಿನ ಕೃಷ್ಣರಾಜಪುರದ ತೂಗು ಸೇತುವೆಯ ಬಳಿ ನಿಂತು ನೋಡಿದೆವು. ಕೆಳಗೆ ರೈಲು, ಮೇಲೆ ಲಾರಿ, ಪಕ್ಕದಲ್ಲಿ ಮೆಟ್ರೊ. ಇಲ್ಲಿಂದ ಮುಂದಕ್ಕೆ ಹೊಸಕೋಟೆ. ಅದರಾಚೆಗೆ ವಿಜಯಪುರ, ಶಿಡ್ಲಘಟ್ಟ, ಚಿಂತಾಮಣಿಗಳ ರೇಷ್ಮೆಯ ಸೀಮೆ. 1930ರ ದಶಕದ ಕಥೆ ಆ ಸೀಮೆಯಲ್ಲಿ ಮತ್ತೊಮ್ಮೆ ನಡೆಯಿತು. 2011ರ ಆಯವ್ಯಯದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಒಮ್ಮೆಗೇ ಶೇ. 5ಕ್ಕೆ ಇಳಿಸಿದಾಗ ಚೀನಾದ ನೂಲು ಅಗ್ಗವಾಗಿ, ಗೂಡಿನ ಬೆಲೆ ಕುಸಿದು, ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು ಶೇ. 15ಕ್ಕೆ ಏರಿಸಲಾಯಿತು. ಎರಡು ವರ್ಷ ತಡವಾದರೂ ಈ ಸಲ ಬೀಗದ ಕೈ ನಮ್ಮವರಲ್ಲಿಯೇ ಇದ್ದಿತು, ಕೂಗಿದರೆ ಕೇಳಿಸಿಕೊಳ್ಳುವವರಿದ್ದರು. ಮುಕ್ತ ವ್ಯಾಪಾರವನ್ನು ಲೋಕಕ್ಕೆ ಬೋಧಿಸಿದ ಅಮೆರಿಕವೇ 2025ರ ಆಗಸ್ಟಿನಲ್ಲಿ ಭಾರತದ ಅನೇಕ ಸರಕುಗಳ ಮೇಲೆ ಶೇ. 50ರಷ್ಟು ಸುಂಕ ಹೇರಿದ್ದನ್ನು ಓದುಗರು ಬಲ್ಲರು. ಗೋಡೆ ಕಟ್ಟುವ ಕೆಲಸ ಬಡವರದು ಮಾತ್ರ ಅಲ್ಲವೆಂದಾಯಿತು.

ನಮ್ಮ ದೇಶದ ಒಳಗಿನ ಗೋಡೆಗಳು ಮಾತ್ರ ಒಂದೊಂದಾಗಿ ಬಿದ್ದವು. ಕರ್ನಾಟಕದ ಊರುಗಳ ಆಕ್ಟ್ರಾಯ್ ಸುಂಕ 1979ರಲ್ಲಿ ಹೋಯಿತು. ಪಶ್ಚಿಮದ ಸುಂಕದಕಟ್ಟೆ ಇಂದು ಬರಿಯ ಬಡಾವಣೆಯ ಹೆಸರು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ರಾಜ್ಯದ ಗಡಿಗಳ ವಾಣಿಜ್ಯ ತೆರಿಗೆಯ ತನಿಖಾ ಠಾಣೆಗಳೂ ತೆರವಾದವು. ಈ ರಸ್ತೆಯಲ್ಲಿ ಲಾರಿಗಳು ತಮಿಳುನಾಡು, ಆಂಧ್ರಗಳ ಗಡಿಯಲ್ಲಿ ಕಾಗದ ಹಿಡಿದು ರಾತ್ರಿಯೆಲ್ಲ ಸಾಲುಗಟ್ಟಿ ನಿಲ್ಲುತ್ತಿದ್ದುದನ್ನು ಕಂಡವರಿಗೆ ಅದು ಸಣ್ಣ ಮಾತಲ್ಲ.

ಕೊನೆಗೆ ಪಟ್ಟಂದೂರು ಅಗ್ರಹಾರ. ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿಗೆ ಮೆಟ್ರೊ ಹರಿದದ್ದು 2023ರ ಮಾರ್ಚಿನಲ್ಲಿ. ಆ ಮಾರ್ಗದಲ್ಲಿ ಈ ನಿಲ್ದಾಣವಿದೆ. ಸಿಂಗಪುರದ ಕಂಪನಿಗಳು, ಟಾಟಾ ಸಂಸ್ಥೆ, ಕರ್ನಾಟಕ ಸರ್ಕಾರ ಮೂವರೂ ಕೂಡಿ 1994ರಲ್ಲಿ ಕೈಹಾಕಿದ ಅಂತರರಾಷ್ಟ್ರೀಯ ತಂತ್ರಜ್ಞಾನ ಪಾರ್ಕಿನ ಗಾಜಿನ ಕಟ್ಟಡಗಳು ಇಲ್ಲಿವೆ. ಅದಕ್ಕೂ ಮುಂಚೆ, 1985ರಲ್ಲಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ದಂಡಿನ ಮಿಲ್ಲರ್ಸ್ ರಸ್ತೆಯಲ್ಲಿ ಬಂದು ನೆಲೆಸಿ, ಉಪಗ್ರಹದ ಮೂಲಕ ಕೆಲಸವನ್ನು ಹೊರದೇಶಕ್ಕೆ ಕಳುಹಿಸಲು ಆರಂಭಿಸಿತ್ತು. ಬಂದರಿಲ್ಲದ ಮೈಸೂರಿಗೆ ಆಕಾಶದಲ್ಲಿ ಬಂದರು ದೊರೆತದ್ದು ಆಗ. ಆ ಸರಕಿಗೆ ಮದರಾಸಿನ ಕಟ್ಟೆಯಿಲ್ಲ, ಸುಂಕದವನ ಕಣ್ಣಿಲ್ಲ.

ಅಗ್ರಹಾರವೆಂಬ ಪದವನ್ನು ನಿಲ್ದಾಣದ ಫಲಕದಲ್ಲಿ ಓದಿ ನಮಗೆ ನಗು ಬಂದಿತು. ಹಿಂದಿನ ಅರಸರು ವಿದ್ಯಾವಂತರಿಗೆ ಸರ್ವಮಾನ್ಯವಾಗಿ, ಎಂದರೆ ತೆರಿಗೆಯಿಲ್ಲದೆ, ಬಿಟ್ಟುಕೊಟ್ಟ ಊರಿಗೆ ಅಗ್ರಹಾರವೆಂದು ಹೆಸರು. 1991ರಿಂದ ಸಾಫ್ಟ್‌ವೇರ್ ಪಾರ್ಕುಗಳ ಯೋಜನೆಯಲ್ಲಿ ರಫ್ತು ಕಂಪನಿಗಳಿಗೆ ದೊರೆತದ್ದೂ ಅದೇ. ಅವುಗಳ ಲಾಭದ ಮೇಲಿನ ತೆರಿಗೆ ವಿನಾಯಿತಿ 2011ರ ಮಾರ್ಚ್‌ವರೆಗೆ ನಡೆಯಿತು. ಆಗ ಶಾಸನವನ್ನು ಕಲ್ಲಿನಲ್ಲಿ ಕೊರೆಯುತ್ತಿದ್ದರು, ಈಗ ರಾಜಪತ್ರದಲ್ಲಿ ಅಚ್ಚು ಹಾಕುತ್ತಾರೆ. ಮಹದೇವಪುರದ ಹನ್ನೊಂದು ಜನರ ಘಟಕಕ್ಕೆ ಮಾತ್ರ ಯಾವ ಅರಸನೂ ದತ್ತಿ ಬರೆಯಲಿಲ್ಲ.

ಈ ದಾರಿಯನ್ನು ನೋಡಬಯಸುವವರು ದಂಡಿನ ರೈಲು ನಿಲ್ದಾಣದಲ್ಲಿ ಇಳಿದು, ಬೆಳಗಿನ ಹೊತ್ತು ರಸೆಲ್ ಮಾರುಕಟ್ಟೆಯನ್ನು ನೋಡಿಕೊಂಡು, ಮಧ್ಯಾಹ್ನ ಬಾಗಿಲು ಹಾಕುವ ಮುನ್ನ ಹಲಸೂರಿನ ಸೋಮೇಶ್ವರನ ದರ್ಶನ ಮಾಡುವುದು ಅನುಕೂಲ. ಹಲಸೂರಿನಿಂದ ವೈಟ್‌ಫೀಲ್ಡಿನವರೆಗೆ ಮೆಟ್ರೊ ಸೌಕರ್ಯವಿದೆ. ಬೈಯಪ್ಪನಹಳ್ಳಿಯಿಂದ ಬೆನ್ನಿಗಾನಹಳ್ಳಿಯ ಮೂಲಕ ಕೃಷ್ಣರಾಜಪುರವನ್ನು ಕೂಡಿಸುವ ಭಾಗ 2023ರ ಅಕ್ಟೋಬರಿನಲ್ಲಿ ತೆರೆದ ಮೇಲೆ ನಡುವೆ ಇಳಿದು ಬಸ್ಸು ಹಿಡಿಯುವ ತಾಪತ್ರಯ ತಪ್ಪಿದೆ. ದೂರವಾಣಿನಗರದ ಸಾಲುಮರಗಳ ರಸ್ತೆಯಲ್ಲಿ ಸಂಜೆ ಐದರ ಹೊತ್ತಿಗೆ ಹೋದರೆ ಕಟ್ಟೆಯ ಮೇಲೆ ಕುಳಿತ ನಿವೃತ್ತರು ಸಿಗುತ್ತಾರೆ. ಕೇಳುವವರಿದ್ದರೆ ಅವರು ಹಳೆಯ ಎಕ್ಸ್‌ಚೇಂಜಿನ ಒಂದೊಂದು ಬಿಡಿಭಾಗದ ಹೆಸರನ್ನೂ ಹೇಳುತ್ತಾರೆ.